ನಮ್ಮ ಗ್ರೌಂಡು, ಎಂಕ್ಲೆನ ಗ್ರೌಂಡು

ತುಳುವಿನಲ್ಲಿ 'ನಾವು' ಅನ್ನಲಿಕ್ಕೆ ಎರಡು ಶಬ್ದ ಉಂಟು. ಎದುರಿಗೆ ನಿಂತವನನ್ನೂ ಸೇರಿಸಿಕೊಂಡು ಹೇಳುವುದಾದರೆ 'ನಮ'. ಅವನನ್ನು ಹೊರಗಿಟ್ಟು ಹೇಳುವುದಾದರೆ 'ಎಂಕುಲು'. 'ನಮ ಪೋಯಿ' ಅಂದರೆ ನೀನೂ ಬಾ, ಒಟ್ಟಿಗೆ ಹೋಗುವ. 'ಎಂಕುಲು ಪೋಪ' ಅಂದರೆ ನಾವು ಹೊರಟೆವು, ನಿನ್ನ ದಾರಿ ನಿನಗೆ. ಕನ್ನಡದಲ್ಲಿ ಈ ಅನುಕೂಲ ಇಲ್ಲ. ಯಾರಾದರೂ 'ಇದು ನಮ್ಮ ಗ್ರೌಂಡು' ಅಂದರೆ ಅದರಲ್ಲಿ ನಮಗೂ ಪಾಲು ಉಂಟಾ ಇಲ್ಲವಾ ಅಂತ ಹೇಳಿದವರ ಮುಖ ನೋಡಿಯೇ ತಿಳಿದುಕೊಳ್ಳಬೇಕು.

ಮಣ್ಣಗುಡ್ಡದಲ್ಲಿ ನಾನು ಬಾಡಿಗೆಗಿರುವ ಮನೆಯ ಹಿಂದೆ ಒಂದು ಖಾಲಿ ಸೈಟು ಉಂಟು. ಹೆಚ್ಚೆಂದರೆ ಹತ್ತು ಸೆಂಟ್ಸ್ ಜಾಗ. ಸಂಜೆ ಐದಕ್ಕೆ ಅಲ್ಲಿ ಕ್ರಿಕೆಟ್ ಶುರು. ಎರಡು ಗಲ್ಲಿಯ ಎರಡು ತಂಡ, ಜಾಗ ಒಂದೇ. ಹಾಗಾಗಿ ವಾರಕ್ಕೊಮ್ಮೆಯಾದರೂ 'ಉಂದು ಎಂಕ್ಲೆನ ಗ್ರೌಂಡ್' ಅಂತ ಎರಡೂ ಕಡೆಯಿಂದ ಬೊಬ್ಬೆ ಕೇಳುತ್ತದೆ. ಅಂದರೆ ಇದು ನಮ್ಮದು, ನಿಮ್ಮದಲ್ಲ. ಒಂದು ತಂಡದ ವಾದ: ಹುಲ್ಲು ಕೆರೆದು ಕಲ್ಲು ಹೆಕ್ಕಿದ್ದು ನಾವು. ಇನ್ನೊಂದರ ವಾದ: ನಮ್ಮ ಅಣ್ಣಂದಿರು ಇಲ್ಲಿ ಆಡುವಾಗ ನೀವು ಹುಟ್ಟಿಯೇ ಇರಲಿಲ್ಲ. ಜಾಗದ ಕಾಗದ ಇರುವವರು ದುಬೈಯಲ್ಲಿದ್ದಾರಂತೆ. ಈ ಜಗಳದಲ್ಲಿ ಅವರ ಹೆಸರು ಒಮ್ಮೆಯೂ ಬರುವುದಿಲ್ಲ!

ನಗು ಬರುತ್ತದೆ, ಸರಿ. ಆದರೆ ಆ ಮಕ್ಕಳ ಜಗಳವನ್ನು ಸ್ವಲ್ಪ ಹಿಗ್ಗಿಸಿ ನೋಡಿ. ಒಂದು ಊರಿನ ಮೈದಾನ ಯಾರದ್ದು? ಕಾಗದ ಇದ್ದವನದ್ದಾ, ಮೊದಲು ಬಂದವನದ್ದಾ, ಮೈ ಬೆವರಿಸಿ ಸಮ ಮಾಡಿದವನದ್ದಾ, ದುಡ್ಡು ಹಾಕಿ ಚಂದ ಮಾಡಿದವನದ್ದಾ? ಊರಲ್ಲಿ ಮೈದಾನದ ಬಗ್ಗೆ ಜಗಳ ಎದ್ದಾಗಲೆಲ್ಲ ಈ ನಾಲ್ಕರಲ್ಲಿ ಒಂದು ವಾದ ಇದ್ದೇ ಇರುತ್ತದೆ. ಒಂದೊಂದನ್ನೇ ನೋಡುವ.

ಮೊದಲು ಕಾಗದದ ವಾದ. ಮಂಗಳೂರಿನ ಹಳೇ ಕ್ರಿಕೆಟ್ ಮೈದಾನ ಅಂದರೆ ಹಂಪನಕಟ್ಟೆ ಮತ್ತು ಸ್ಟೇಟ್‌ಬ್ಯಾಂಕಿನ ನಡುವಿನ ನೆಹರೂ ಮೈದಾನ. ಹಿಂದೆ ಅದರ ಹೆಸರು ಸೆಂಟ್ರಲ್ ಮೈದಾನ. ಆ ಕಡೆಯ ವಾರ್ಡಿಗೆ ಇವತ್ತಿಗೂ ಕಂಟೋನ್ಮೆಂಟ್ ಅಂತಲೇ ಹೆಸರು. ದಂಡು ಬೀಡುಬಿಟ್ಟ ಕಾಲದ ಗುರುತು ಅದು. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಶೌಕತ್ ಅಲಿ ಮಂಗಳೂರಿಗೆ ಬಂದಾಗ ಜನ ಸೇರಿದ್ದು ಅದೇ ಮೈದಾನದಲ್ಲಿ. 1956ರ ತನಕ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ದೊರೆಗಳು ಬದಲಾದರು, ಹೆಸರು ಬದಲಾಯಿತು, ಕಾಗದ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಯಿತು. ಅಲ್ಲಿ ಮಳೆಗಾಲದಲ್ಲಿ ಫುಟ್‌ಬಾಲ್, ಮಳೆ ಬಿಟ್ಟ ಮೇಲೆ ಕ್ರಿಕೆಟ್ ಅನ್ನುವ ಕ್ರಮ ಮಾತ್ರ ಯಾವ ಕಚೇರಿಯ ಆದೇಶದಿಂದಲೂ ಬಂದದ್ದಲ್ಲ. ನಮ್ಮ ಕರಾವಳಿಯ ಮಳೆ ಹಾಕಿಕೊಟ್ಟ ಟೈಮ್‌ಟೇಬಲ್ ಅದು.

ಕಾಗದ ಮಾತ್ರ ಮುಖ್ಯ ಅಂದರೆ ಏನಾಗುತ್ತದೆ ಅಂತ ಮುಂಬೈಯ ಕತೆ ತೋರಿಸುತ್ತದೆ. 1880ರ ಆಸುಪಾಸಿನಲ್ಲಿ ಬೊಂಬಾಯಿಯ ಎಸ್ಪ್ಲನೇಡ್ ಮೈದಾನದಲ್ಲಿ ಪಾರ್ಸಿ, ಹಿಂದೂ, ಮುಸ್ಲಿಂ ಹುಡುಗರೆಲ್ಲ ಕ್ರಿಕೆಟ್ ಆಡುತ್ತಿದ್ದರು. ಬಿಳಿಯರ ಜಿಮ್ಖಾನಾಕ್ಕೆ ತನ್ನದೇ ಬೇಲಿ ಹಾಕಿದ ಜಾಗ ಇತ್ತು. ಅದು ಸಾಲದೆ ಅವರ ಪೋಲೋ ಕುದುರೆಗಳು ಈ ಹುಡುಗರ ಪಾಲಿನ ಹುಲ್ಲನ್ನೂ ತುಳಿದು ಗುಂಡಿ ಮಾಡುತ್ತಿದ್ದವು. ಇವರು ಗವರ್ನರಿಗೆ ಅರ್ಜಿ ಬರೆದರು. ಒಮ್ಮೆ ಗೆದ್ದರು, ಮತ್ತೆ ಸೋತರು, ಮತ್ತೆ ಬರೆದರು. ಶಾಪೂರ್ಜಿ ಸೊರಾಬ್ಜಿ ಎಂಬ ಪಾರ್ಸಿ ಕ್ರಿಕೆಟಿಗರು ಈ ಹೋರಾಟದ ಬಗ್ಗೆ 1897ರಲ್ಲಿ ಪುಸ್ತಕವನ್ನೇ ಬರೆದರು. ರಾಮಚಂದ್ರ ಗುಹಾ ಅವರು ಭಾರತೀಯ ಕ್ರಿಕೆಟ್ಟಿನ ಚರಿತ್ರೆ ಬರೆಯುವಾಗ ಈ ಕತೆಯನ್ನು ವಿವರವಾಗಿ ಹೇಳಿದ್ದಾರೆ.

ಕೊನೆಗೆ ಆದದ್ದೇನು? ಪಾರ್ಸಿಗಳಿಗೆ ಕಡಲ ಬದಿಯಲ್ಲಿ ಬೇರೆ ಜಾಗ ಸಿಕ್ಕಿತು, ಪಾರ್ಸಿ ಜಿಮ್ಖಾನಾ ಆಯಿತು. ಅವರನ್ನು ನೋಡಿ ಮುಸ್ಲಿಮರು ಕೇಳಿದರು, ಇಸ್ಲಾಂ ಜಿಮ್ಖಾನಾ ಆಯಿತು. ಹಿಂದೂಗಳು ಕೇಳಿದರು, ಹಿಂದೂ ಜಿಮ್ಖಾನಾ ಆಯಿತು. ನ್ಯಾಯ ಸಿಕ್ಕಿತು ಅನ್ನಬಹುದು. ಆದರೆ ಒಂದೇ ಬಯಲಲ್ಲಿ ಒಬ್ಬರ ಚೆಂಡು ಇನ್ನೊಬ್ಬರ ಪಿಚ್ಚಿಗೆ ಹೋಗುತ್ತಿದ್ದ ಕಡೆಯಿಂದ ಹೊರಟವರು ಸಾಲಾಗಿ ಮೂರು ಬೇಲಿಯ ಒಳಗೆ ಸೇರಿದರು. ಅರ್ಜಿ ಬರೆಯುವಾಗ ಅವರು 'ನಮ', ಜಾಗ ಸಿಕ್ಕಿದ ಮೇಲೆ 'ಎಂಕುಲು'. ಮೈದಾನದ ವಿಷಯದಲ್ಲಿ ಸೋಲು ಮಾತ್ರ ಅಲ್ಲ, ಗೆಲುವೂ ಬೇಲಿ ಹಾಕಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯದು ಮೊದಲು ಬಂದವನ ವಾದ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಕ್ಯೂ ಪದ್ಧತಿ. ಇದಕ್ಕೆ ಇಂಗ್ಲೆಂಡಿನಲ್ಲಿ ಒಂದು ಪ್ರಸಿದ್ಧ ಕೇಸ್ ಆಗಿದೆ. ಡರ್ಹಂ ಕೌಂಟಿಯ ಲಿಂಟ್ಸ್ ಅನ್ನುವ ಸಣ್ಣ ಊರಿನಲ್ಲಿ 1905ರಿಂದ ಒಂದು ಕ್ರಿಕೆಟ್ ಮೈದಾನ ಇತ್ತು. 1972ರಲ್ಲಿ ಅದರ ಪಕ್ಕದಲ್ಲಿ ಹೊಸ ಮನೆಗಳು ಎದ್ದವು. ಒಂದು ಮನೆಯವರ ಹಿತ್ತಲಿಗೆ ಚೆಂಡು ಬೀಳತೊಡಗಿತು. ಹೆಂಚು ಒಡೆಯಿತು, ಮ್ಯಾಚ್ ಇದ್ದ ದಿನ ಹೊರಗೆ ಕೂರಲಿಕ್ಕೆ ಹೆದರಿಕೆ. ಕ್ಲಬ್ಬಿನವರು ಬೇಲಿ ಎತ್ತರಿಸಿದರು, ಒಡೆದದ್ದನ್ನು ಸರಿ ಮಾಡಿಸಿ ಕೊಡುತ್ತೇವೆ ಅಂದರು. ಮನೆಯವರಿಗೆ ಸಮಾಧಾನ ಆಗಲಿಲ್ಲ, ಕೋರ್ಟಿಗೆ ಹೋದರು. 1977ರಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಾಧೀಶರು ಮೂರು ಬಗೆಯಾಗಿ ಯೋಚಿಸಿದರು. ಎಪ್ಪತ್ತು ವರ್ಷದಿಂದ ಊರಿನವರು ಆಡಿಕೊಂಡು ಬಂದ ಆಟವನ್ನು ನಿನ್ನೆ ಬಂದವರಿಗಾಗಿ ನಿಲ್ಲಿಸಬೇಕಾ ಅನ್ನುವುದು ಲಾರ್ಡ್ ಡೆನ್ನಿಂಗ್ ಅವರ ದಾಟಿ. ಉಳಿದಿಬ್ಬರು, ಮೊದಲು ಬಂದದ್ದು ನೆರೆಮನೆಯವರ ಮೇಲೆ ಚೆಂಡು ಹಾರಿಸಲಿಕ್ಕೆ ಲೈಸೆನ್ಸ್ ಅಲ್ಲ, ಕ್ಲಬ್ಬಿನದ್ದೇ ತಪ್ಪು ಅಂದರು. ಆದರೆ ಆಟ ನಿಲ್ಲಿಸಿ ಅನ್ನುವ ಆದೇಶಕ್ಕೆ ಬಹುಮತ ಬರಲಿಲ್ಲ. ಪರಿಹಾರ ಕೊಡಿ, ಆಟ ಮುಂದುವರಿಸಿ ಅನ್ನುವಲ್ಲಿಗೆ ಕೇಸ್ ಮುಗಿಯಿತು. ಪರಿಹಾರದ ಮೊತ್ತ 400 ಪೌಂಡ್.

ಈ ಕೇಸನ್ನು ಓದಿದಾಗ ನನಗೆ ನೆನಪಾದದ್ದು ಮನೆಯ ಹಿಂದಿನ ಹುಡುಗರ ರೂಲ್ಸ್. ಮಣ್ಣಗುಡ್ಡದಲ್ಲಿ ಈಗ ಮನೆಗಿಂತ ಅಪಾರ್ಟ್‌ಮೆಂಟ್ ಹೆಚ್ಚು. ಸೈಟಿನ ಮೂರು ಬದಿಯೂ ಬಾಲ್ಕನಿ, ಗಾಜಿನ ಕಿಟಕಿ, ಕೆಳಗೆ ಸಾಲಾಗಿ ಕಾರು. ಅವರ ರೂಲ್ ಏನು ಗೊತ್ತುಂಟಾ? ಚೆಂಡು ಕಂಪೌಂಡ್ ದಾಟಿದರೆ ಸಿಕ್ಸ್ ಅಲ್ಲ, ಔಟ್. ಮೊದಲ ಮಹಡಿಯ ಆಂಟಿಯ ತುಳಸಿಕಟ್ಟೆಗೆ ಬಿದ್ದರೆ ಔಟ್ ಮಾತ್ರ ಅಲ್ಲ, ಹೊಡೆದವನೇ ಹೋಗಿ 'ಆಂಟಿ, ಸಾರಿ, ಬಾಲ್ ಕೊಡ್ತೀರಾ' ಅಂತ ಕೇಳಿ ತರಬೇಕು. ನಮ್ಮ ಊರಲ್ಲಿಯೂ ಹೀಗೇ ಇತ್ತು: ಅಡಿಕೆ ತೋಟಕ್ಕೆ ಹೋದರೆ ಔಟ್. ಕೋರ್ಟು, ವಕೀಲರು, 400 ಪೌಂಡ್ ಇಲ್ಲದೆ ಹತ್ತು ವರ್ಷದ ಮಕ್ಕಳು ಅದೇ ಸಮಸ್ಯೆ ಬಗೆಹರಿಸಿದ್ದಾರೆ. ಆಟದ ದೊಡ್ಡ ಸಂತೋಷ ಯಾವುದೋ ಅದನ್ನೇ ಬಿಟ್ಟುಕೊಟ್ಟು ಆಡುವ ಜಾಗವನ್ನು ಉಳಿಸಿಕೊಂಡಿದ್ದಾರೆ. ಕರಾವಳಿಯ ಅಂಡರ್ ಆರ್ಮ್ ಕ್ರಿಕೆಟ್ಟೂ ನನಗೆ ಹಾಗೇ ಕಾಣುತ್ತದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಓಡಿ ಬಂದು ಬೌಲ್ ಮಾಡಲಿಕ್ಕೆ ಜಾಗ ಎಲ್ಲಿಂದ? ಕೈ ಕೆಳಗಿನಿಂದ ಎಸೆದರಾಯಿತು. ಈಗ ಯುವಕ ಮಂಡಲದವರು 'ಹೊನಲು ಬೆಳಕಿನ ಅಂಡರ್ ಆರ್ಮ್ ಪಂದ್ಯಾಟ' ಅಂತ ಬ್ಯಾನರ್ ಕಟ್ಟಿ, ಮೈಕಿನಲ್ಲಿ ತುಳು ಕಾಮೆಂಟ್ರಿ ಹಾಕಿ ರಾತ್ರಿಯಿಡೀ ಆಡಿಸುತ್ತಾರೆ. ಆಟಕ್ಕೆ ತಕ್ಕ ಗ್ರೌಂಡು ಬೇಕು ಅಂತ ಹಟ ಹಿಡಿದವರಲ್ಲ, ಗ್ರೌಂಡಿಗೆ ತಕ್ಕ ಆಟ ಮಾಡಿಕೊಂಡವರು.

ಮೂರನೆಯದು ಬೆವರಿನ ವಾದ. ಕಲ್ಲು ಹೆಕ್ಕಿದವನದ್ದೇ ಗ್ರೌಂಡು ಅಂತ ಹೇಳಿದರೆ ಕೇಳಲಿಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಚರಿತ್ರೆಯಲ್ಲಿ ಹಾಗೆ ಆದದ್ದು ಉಂಟಾ? 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಅವರ ಜೀವನ ನೋಡಿ. ದಲಿತ ಕುಟುಂಬದ ಹುಡುಗ. ಪುಣೆಯ ಪಾರ್ಸಿ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವ ಕೆಲಸ. ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ ಗ್ರೇಗ್ ಅನ್ನುವ ಅಧಿಕಾರಿಗೆ ನೆಟ್‌ನಲ್ಲಿ ಗಂಟೆಗಟ್ಟಲೆ ಬೌಲ್ ಮಾಡಿ ಮಾಡಿ ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರ್ ಆದರು. ಬ್ಯಾಟ್ ಹಿಡಿಯಲಿಕ್ಕೆ ಅಲ್ಲಿ ಯಾರೂ ಅವರನ್ನು ಕರೆಯಲಿಲ್ಲ. ಆಮೇಲೆ ಹಿಂದೂಗಳ ತಂಡ ಸೇರಿಸಿಕೊಂಡಿತು, ಏಕೆಂದರೆ ಗೆಲ್ಲಬೇಕಿತ್ತು. ಆದರೆ ಚಹಾದ ಹೊತ್ತಿಗೆ ತಂಡದ ಉಳಿದವರು ಪೆವಿಲಿಯನ್ ಒಳಗೆ, ಬಾಲೂ ಹೊರಗೆ, ಕೈಯಲ್ಲಿ ಕುಡಿದು ಬಿಸಾಡುವ ಮಣ್ಣಿನ ಕಪ್ಪು. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಇವರು ತೆಗೆದದ್ದು 114 ವಿಕೆಟ್. ಆದರೂ ಹಿಂದೂ ತಂಡದ ನಾಯಕತ್ವಕ್ಕೆ ಅವರ ಹೆಸರು ಬಂದಾಗಲೆಲ್ಲ ತಪ್ಪಿ ಹೋಯಿತು. ಆ ಬಾಗಿಲು ತೆರೆದದ್ದು 1920ರ ದಶಕದಲ್ಲಿ, ಅವರ ತಮ್ಮ ವಿಠ್ಠಲ್ ಅವರಿಗೆ.

ಅವರು ರೋಲರ್ ಎಳೆದ ಪಿಚ್ಚು ಅದು. ಆ ಪಿಚ್ಚಿನ ಒಂದೊಂದು ಬಿರುಕೂ ಅವರಿಗೆ ಗೊತ್ತಿತ್ತು. ಬೆವರಿನಿಂದ ಹಕ್ಕು ಬರುವುದಾದರೆ ಪೆವಿಲಿಯನ್ನಿನ ನಡುವಿನ ಕುರ್ಚಿ ಅವರದ್ದಾಗಬೇಕಿತ್ತು. ಹಾಗೆ ಆಗಲಿಲ್ಲ ಅನ್ನುವುದು ನಮ್ಮ ಸಮಾಜದ ಅನ್ಯಾಯ, ಅದನ್ನು ಬೇರೆ ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದಿನದು. ಬಾಲೂ ಅವರಿಗೆ ಆ ಮೈದಾನದಲ್ಲಿ ಹಕ್ಕಿದ್ದದ್ದು ಅವರು 114 ವಿಕೆಟ್ ತೆಗೆದರು ಅನ್ನುವ ಕಾರಣಕ್ಕಾ? ಸಾಧಾರಣ ಬೌಲರ್ ಆಗಿದ್ದರೆ? ರೋಲರ್ ಮಾತ್ರ ಎಳೆಯುತ್ತಾ ಇದ್ದಿದ್ದರೆ? ನಮ್ಮಲ್ಲಿ ಮೈದಾನ ಉಳಿಸಿ ಅನ್ನುವವರೂ ಸ್ಟಾರ್‌ಗಳ ಹೆಸರು ಹೇಳಿಯೇ ಉಳಿಸಲಿಕ್ಕೆ ನೋಡುತ್ತಾರೆ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದದ್ದು, ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2014ರಲ್ಲಿ ಮೆಲ್ಬರ್ನ್‌ನಲ್ಲಿ ಟೆಸ್ಟ್ ಕ್ಯಾಪ್ ಹಾಕಿದ್ದು ನಮಗೆಲ್ಲ ಹೆಮ್ಮೆಯ ವಿಷಯವೇ. ಆದರೆ ಮೈದಾನದ ಲೆಕ್ಕವನ್ನು ಹೀಗೆ ಬರೆಯಲಿಕ್ಕೆ ಹೊರಟರೆ ಹತ್ತು ವರ್ಷ ಒಬ್ಬನೇ ಒಬ್ಬ ರಾಹುಲ್ ಬಾರದ ಮೈದಾನವನ್ನು ಮಾರಬಹುದು ಅಂತಲೂ ಅದೇ ಲೆಕ್ಕ ಹೇಳುತ್ತದೆ. ಗ್ರಂಥಾಲಯದಿಂದ ಎಷ್ಟು ಜನ ಜ್ಞಾನಪೀಠ ತೆಗೆದುಕೊಂಡರು ಅಂತ ನಾವು ಕೇಳುವುದಿಲ್ಲ, ಅಲ್ವಾ?

ನಾಲ್ಕನೆಯದು ದುಡ್ಡಿನ ವಾದ. ಇದು ನಮ್ಮ ಕಾಲದ ವಾದ, ಹಾಗಾಗಿ ಸುಲಭದ್ದಲ್ಲ. ಮಣ್ಣಗುಡ್ಡದ ಮಂಗಳಾ ಕ್ರೀಡಾಂಗಣವನ್ನೇ ತೆಗೆದುಕೊಳ್ಳಿ. ಸಿಂಥೆಟಿಕ್ ಟ್ರ್ಯಾಕ್ ಇರುವ ಕ್ರೀಡಾಂಗಣ. 2015ರ ಮೇ ತಿಂಗಳಲ್ಲಿ ಫೆಡರೇಶನ್ ಕಪ್ ರಾಷ್ಟ್ರೀಯ ಅಥ್ಲೆಟಿಕ್ಸ್ ಇಲ್ಲಿ ನಡೆಯಿತು. ದೇಶದ ಓಟಗಾರರೆಲ್ಲ ನಮ್ಮ ಮಣ್ಣಗುಡ್ಡಕ್ಕೆ ಬಂದರು. ಹಳ್ಳಿಯ ಶಾಲೆಯಲ್ಲಿ ಸುಣ್ಣದ ಗೆರೆ ಎಳೆದ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಿದ ಹುಡುಗಿಗೆ ಅಂಥ ಟ್ರ್ಯಾಕ್ ಸಿಗುವುದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಓಟದ ಟೈಮಿಂಗ್ ಬದಲಾಗುತ್ತದೆ, ಕೆಲಸ ಸಿಗುತ್ತದೆ, ಬದುಕು ಬದಲಾಗುತ್ತದೆ. 'ಹಿಂದಿನ ಮಣ್ಣಿನ ಗ್ರೌಂಡೇ ಚಂದ ಇತ್ತು' ಅಂತ ನಿಟ್ಟುಸಿರು ಬಿಡುವವರಲ್ಲಿ ನಾನಿಲ್ಲ. ಮಣ್ಣಿನ ಗ್ರೌಂಡಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡವನಿಗೆ ಅದರ ಚಂದ ಎಷ್ಟು ಅಂತ ಗೊತ್ತಿರುತ್ತದೆ.

ಆದರೆ ಒಂದು ಮಾತು ನಿಜ. ಜಾಗ ಒಂದು ಕೆಲಸಕ್ಕೆ ಹೆಚ್ಚು ಚಂದ ಆದಷ್ಟೂ ಬೇರೆ ಕೆಲಸಕ್ಕೆ ಆಗುವುದಿಲ್ಲ. ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಸ್ಟಂಪ್ ಊರಲಿಕ್ಕೆ ಆಗುವುದಿಲ್ಲ, ಊರಬಾರದು ಕೂಡಾ. ಅಲ್ಲಿಗೆ ಗೇಟು ಬೇಕಾಗುತ್ತದೆ, ಸಮಯ ಬೇಕಾಗುತ್ತದೆ, ನೋಡಿಕೊಳ್ಳಲಿಕ್ಕೆ ಜನ ಬೇಕಾಗುತ್ತದೆ. ಅದು ಕೆಟ್ಟ ಆಡಳಿತದ ಫಲ ಅಲ್ಲ, ಒಳ್ಳೆ ಸೌಲಭ್ಯದ ಸ್ವಭಾವವೇ ಹಾಗೆ. ಬೆಂಗಳೂರಿನಲ್ಲಿ ಹಿಂದೆ ದೊಡ್ಡ ಮ್ಯಾಚುಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ಆಗುತ್ತಿದ್ದವು. 1974ರ ನವೆಂಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಆಯಿತು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಕ್ರೀಡಾಂಗಣ ಅಂದರೆ ನೋಡುವ ಜಾಗ, ಮೈದಾನ ಅಂದರೆ ಆಡುವ ಜಾಗ. ಊರಿಗೆ ಎರಡೂ ಬೇಕು. ಒಂದನ್ನು ಕಟ್ಟಿಕೊಟ್ಟು ಇನ್ನೊಂದರ ಸಾಲ ತೀರಿತು ಅಂತ ಲೆಕ್ಕ ಬರೆಯುವುದು ತಪ್ಪು.

ಹಾಗಾದರೆ ಕಾಗದವೂ ಸಾಲದು, ಮೊದಲು ಬಂದದ್ದೂ ಸಾಲದು, ಬೆವರೂ ದುಡ್ಡೂ ಸಾಲದು. ಮತ್ತೆ ಹಕ್ಕು ಎಲ್ಲಿಂದ ಬರುತ್ತದೆ?

ಇಲ್ಲಿ ನಮ್ಮ ದಕ್ಷಿಣ ಕನ್ನಡದ ಒಂದು ಹಳೇ ಶಬ್ದ ಸಹಾಯಕ್ಕೆ ಬರುತ್ತದೆ: ಕುಮ್ಕಿ. ಘಟ್ಟದ ಮೇಲಿನ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮಲ್ಲಿ ಹಳೇ ಕೃಷಿ ಜಮೀನಿನ, ಅಂದರೆ ವರ್ಗ ಜಾಗದ, ಅಂಚಿನಿಂದ 100 ಗಜದ ಒಳಗಿನ ಸರ್ಕಾರಿ ಗುಡ್ಡೆಗೆ ಕುಮ್ಕಿ ಅನ್ನುತ್ತಾರೆ. ಜಾಗ ಸರ್ಕಾರದ್ದು. ಆದರೆ ಆ ಜಮೀನಿನವರು ಅಲ್ಲಿಂದ ಸೊಪ್ಪು, ತರಗೆಲೆ, ಕಟ್ಟಿಗೆ ತರಬಹುದು, ದನ ಮೇಯಿಸಬಹುದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯೂ ಈ ಸೌಲಭ್ಯವನ್ನು ಮಾನ್ಯ ಮಾಡಿದೆ. ಯಾಕೆ ಹೀಗೆ? ಕಾರಣ ಸರಳ. ಸೊಪ್ಪಿಲ್ಲದೆ ಹಟ್ಟಿಯ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ಗದ್ದೆ ಇಲ್ಲ, ತೋಟ ಇಲ್ಲ. ಗುಡ್ಡೆ ನಿನ್ನದಲ್ಲ, ಆದರೆ ಅದಿಲ್ಲದೆ ನಿನ್ನದು ಅನ್ನುವುದು ಬದುಕುವುದಿಲ್ಲ. ಆದ್ದರಿಂದ ನಿನಗೆ ಅಲ್ಲಿ ಹೋಗಿ ಬರುವ ಹಕ್ಕುಂಟು. ಒಡೆತನ ಇಲ್ಲದ, ಅಗತ್ಯದಿಂದ ಹುಟ್ಟಿದ ಹಕ್ಕು.

ಪುತ್ತೂರು ತಾಲೂಕಿನ ನಮ್ಮ ಹಳ್ಳಿಯಲ್ಲಿ ಕ್ರಿಕೆಟ್ ಆಡುತ್ತಿದ್ದದ್ದು ಅಂಥ ಒಂದು ಕುಮ್ಕಿಯಲ್ಲಿ. ಕೆಂಪು ಮುರಕಲ್ಲಿನ ಬೋಳು ಗುಡ್ಡೆ, ಸುತ್ತ ಗೇರುಮರ. ಪಿಚ್ಚಿಗೆ ಬೇಕಾದದ್ದು 22 ಗಜ, ನಮಗೆ 100 ಗಜದ ಕುಮ್ಕಿ ಧಾರಾಳ. ತೆಂಗಿನ ಕೊತ್ತಳಿಗೆಯ ಬ್ಯಾಟ್, ಗೇರುಮರದ ಕೊಂಬೆಯ ಸ್ಟಂಪ್. ಕುಮ್ಕಿಯ ಹಕ್ಕು ಇದ್ದದ್ದು ಧನಿಗಳಿಗೆ, ಆಡುತ್ತಿದ್ದವರಲ್ಲಿ ಹೆಚ್ಚಿನವರು ಅವರ ತೋಟಕ್ಕೆ ಕೆಲಸಕ್ಕೆ ಹೋಗುವವರ ಮಕ್ಕಳು. ಧನಿಗಳು ಆ ದಾರಿಯಾಗಿ ಹೋಗುವಾಗ 'ಗೇರುಬೀಜ ಹೆಕ್ಕಬೇಡಿ ಮಕ್ಕಳೇ' ಅಂತ ಹೇಳುತ್ತಿದ್ದರೇ ಹೊರತು ಆಡಬೇಡಿ ಅಂದವರಲ್ಲ. ಈಗ ಆ ಗುಡ್ಡೆಯಲ್ಲಿ ರಬ್ಬರ್ ಸಾಲಾಗಿ ನಿಂತಿದೆ. ಕುಮ್ಕಿಯ ದೋಷವೂ ಇಲ್ಲೇ ಕಾಣುತ್ತದೆ. ಅದು ಜಮೀನು ಇದ್ದವನ ಅಗತ್ಯವನ್ನು ಕಂಡಿತು, ಜಮೀನಿಲ್ಲದವನ ಅಗತ್ಯವನ್ನು ಕಾಣಲಿಲ್ಲ. ನಿಜವಾಗಿ ನೋಡಿದರೆ ಗುಡ್ಡೆ ಹೆಚ್ಚು ಬೇಕಾಗಿದ್ದದ್ದು ಬೇರೆ ಏನೂ ಇಲ್ಲದವನಿಗೆ.

ಆ ದೋಷ ತೆಗೆದು ಆ ಶಬ್ದವನ್ನು ಊರಿನ ಮೈದಾನಕ್ಕೆ ಹಚ್ಚಿ ನೋಡಿ. ಮೈದಾನ ಅಂದರೆ ಇಡೀ ಊರಿನ ಕುಮ್ಕಿ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಇರುವವರಿಗೆ ಅದು ಮನೆಯ ಹೊರಗಿನ ಮೂರನೇ ಕೋಣೆ. ಹಾಗಾದರೆ ಮೈದಾನದ ಮೇಲೆ ಮೊದಲ ಹಕ್ಕು ಯಾರಿಗೆ ಅಂದರೆ, ಯಾರಿಗೆ ಬೇರೆ ಜಾಗ ಇಲ್ಲವೋ ಅವರಿಗೆ. ಇದು ನನ್ನ ಉತ್ತರ. ನೀವು ಒಪ್ಪಬೇಕಂತಿಲ್ಲ. ಒಪ್ಪುವ ಮೊದಲು ಇದಕ್ಕೆ ಇರುವ ಅತ್ಯಂತ ಗಟ್ಟಿ ಆಕ್ಷೇಪವನ್ನು ನಾನೇ ಹೇಳಿಬಿಡುತ್ತೇನೆ.

ಅಗತ್ಯವೇ ಅಳತೆಯಾದರೆ ಆಟಕ್ಕಿಂತ ದೊಡ್ಡ ಅಗತ್ಯಗಳು ಬೇಕಾದಷ್ಟು ಉಂಟು. ಆಸ್ಪತ್ರೆ, ಶಾಲೆ, ಮನೆ ಇಲ್ಲದವರಿಗೆ ಮನೆ. ಹುಡುಗರ ಕ್ರಿಕೆಟ್ಟಿಗಾಗಿ ಆಸ್ಪತ್ರೆ ಬೇಡ ಅನ್ನಲಿಕ್ಕೆ ಆಗುತ್ತದಾ? ಬೆಂಗಳೂರಿನಲ್ಲಿ ಸರಿಯಾಗಿ ಇದೇ ಪ್ರಶ್ನೆ ಬಂದಿತ್ತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು 1976ರಲ್ಲಿ ಸರ್ಕಾರದ ಆದೇಶದ ಮೇಲೆ ಒಂದು ಖಾಸಗಿ ಟ್ರಸ್ಟಿಗೆ ನರ್ಸಿಂಗ್ ಹೋಮ್ ಕಟ್ಟಲಿಕ್ಕೆ ಕೊಟ್ಟರು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಿಂದ ಅದು ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣದಲ್ಲಿ ತೀರ್ಪು ಬಂತು: ಕೊಟ್ಟದ್ದು ತಪ್ಪು, ಪಾರ್ಕಿನ ಜಾಗ ಪಾರ್ಕಿಗೇ. ಸಾರ್ವಜನಿಕರಿಗಾಗಿ ಬಯಲು ಅಂತ ಮೀಸಲಿಟ್ಟದ್ದನ್ನು ಖಾಸಗಿಯವರಿಗೆ ದಾಟಿಸಲಿಕ್ಕೆ ಆಡಳಿತಕ್ಕೆ ಅಧಿಕಾರ ಇಲ್ಲ, ಇದನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗೆ ಉಂಟು ಅಂತ ಕೋರ್ಟು ಸ್ಪಷ್ಟವಾಗಿ ಹೇಳಿತು. ಅದಕ್ಕೂ ಮೊದಲೇ, 1985ರಲ್ಲಿ, ಪಾರ್ಕು, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ ಅಂತಲೇ ನಮ್ಮ ರಾಜ್ಯದಲ್ಲಿ ಒಂದು ಕಾಯ್ದೆ ಬಂದಿದೆ.

ಆಸ್ಪತ್ರೆ ಒಳ್ಳೆಯದಲ್ಲ ಅಂತ ಆ ತೀರ್ಪು ಹೇಳಲಿಲ್ಲ. ನನಗೆ ಅರ್ಥ ಆದದ್ದು ಇಷ್ಟು: ಆಸ್ಪತ್ರೆಗೆ ಜಾಗ ಬೇಕಾದಾಗ ಕೇಳುವವರು ಇದ್ದಾರೆ. ರೋಗಿಗಳಿದ್ದಾರೆ, ಡಾಕ್ಟರುಗಳಿದ್ದಾರೆ, ಟ್ರಸ್ಟುಗಳಿವೆ, ದುಡ್ಡು ಹಾಕುವವರಿದ್ದಾರೆ. ಬಯಲಿಗೆ ಕೇಳುವವರು ಯಾರು? ಅಲ್ಲಿ ಆಡುವವರಿಗೆ ವೋಟಿಲ್ಲ, ಇನ್ನು ಇಪ್ಪತ್ತು ವರ್ಷ ಬಿಟ್ಟು ಆಡುವವರು ಹುಟ್ಟಿಲ್ಲ. ಪ್ರತಿ ಸಲ ಹೋಲಿಸಿದಾಗಲೂ ಬಯಲು ಸೋಲುತ್ತದೆ, ಏಕೆಂದರೆ ಪ್ರತಿ ಸಲವೂ ಎದುರಿಗೆ ಯಾವುದೋ ಒಂದು ನಿರ್ದಿಷ್ಟ ಒಳ್ಳೆಯ ಕೆಲಸ ಇರುತ್ತದೆ. ಹತ್ತು ಸಲ ಸೋತರೆ ಹತ್ತು ಒಳ್ಳೆಯ ಕಟ್ಟಡ ಆಗಿರುತ್ತದೆ, ಒಂದೇ ಒಂದು ಬಯಲು ಇರುವುದಿಲ್ಲ. ಒಂದೊಂದು ನಿರ್ಧಾರವೂ ಸರಿ, ಒಟ್ಟು ಫಲ ತಪ್ಪು. ಅದಕ್ಕೇ ಕೆಲವು ಜಾಗವನ್ನು ಈ ಹೋಲಿಕೆಯಿಂದಲೇ ಹೊರಗೆ ಇಡಬೇಕು.

ಈಗ ನಮ್ಮ ವಿಷಯಕ್ಕೆ ಬರುವ. ನಮ್ಮ ಅಂದರೆ 'ನಮ', ಓದುತ್ತಿರುವ ನೀವೂ ಸೇರಿ. ಐಟಿ, ಬ್ಯಾಂಕು, ಸ್ಟಾರ್ಟಪ್ಪು ಅಂತ ಕೆಲಸ ಮಾಡುವ ನಮಗೆ ಮೈದಾನ ಹೋದರೂ ಆಟ ಹೋಗುವುದಿಲ್ಲ. ಟರ್ಫ್ ಉಂಟು. ಆ್ಯಪ್‌ನಲ್ಲಿ ಸ್ಲಾಟ್ ಬುಕ್ ಮಾಡಿ, ಹನ್ನೆರಡು ಜನ ಹಂಚಿಕೊಂಡು ಯುಪಿಐ ಮಾಡಿದರೆ ರಾತ್ರಿ ಒಂಬತ್ತಕ್ಕೂ ಲೈಟ್ ಹಾಕಿ ಕೊಡುತ್ತಾರೆ. ಸುತ್ತ ಬಲೆ, ಚೆಂಡು ಯಾರ ಕಿಟಕಿಗೂ ಹೋಗುವುದಿಲ್ಲ, ಯಾವ ಆಂಟಿಯನ್ನೂ ಕೇಳಬೇಕಾಗಿಲ್ಲ. ನಾನೂ ಆಡುತ್ತೇನೆ, ಆಡುವುದರಲ್ಲಿ ಪಾಪ ಏನಿಲ್ಲ. ದಿನವಿಡೀ ಸ್ಕ್ರೀನ್ ನೋಡಿದವನಿಗೆ ಒಂದು ಗಂಟೆ ಬೆವರು ಸುರಿಸಲಿಕ್ಕೆ ಜಾಗ ಬೇಕೇ ಬೇಕು.

ಆದರೆ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಒಂದು ಪುಸ್ತಕದಲ್ಲಿ ಹೇಳಿದ ವಿಷಯ ಇಲ್ಲಿ ಹೊಂದುತ್ತದೆ. ಅವರ ಉದಾಹರಣೆ ನೈಜೀರಿಯಾದ ರೈಲ್ವೆ. ಲಾರಿಗಳ ಪೈಪೋಟಿ ಬಂದರೆ ರೈಲ್ವೆ ಎಚ್ಚೆತ್ತು ಸುಧಾರಿಸಬೇಕಿತ್ತು, ಅಲ್ವಾ? ಆಗಲಿಲ್ಲ. ಗಲಾಟೆ ಮಾಡಿ ಸರಿಪಡಿಸಬಲ್ಲ ಗಟ್ಟಿ ಗಿರಾಕಿಗಳೇ ಮೊದಲು ಲಾರಿಗೆ ಹೋದರು. ಉಳಿದವರಿಗೆ ದನಿ ಇರಲಿಲ್ಲ. ರೈಲ್ವೆ ಹಾಗೆಯೇ ಕೆಟ್ಟುಕೊಂಡು ಉಳಿಯಿತು. ಸರ್ಕಾರಿ ಶಾಲೆಗೂ ಇದೇ ಮಾತು ಸಲ್ಲುತ್ತದೆ ಅಂತ ಅವರೇ ಹೇಳಿದ್ದರು. ನಮ್ಮ ಕನ್ನಡ ಶಾಲೆಗಳ ಗತಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಟರ್ಫ್ ಬುಕ್ ಮಾಡಬಲ್ಲವರು ಟರ್ಫ್‌ಗೆ ಹೋದ ಮೇಲೆ ಮೈದಾನದಲ್ಲಿ ಉಳಿಯುವವರು ಯಾರು? ಸೆಕ್ಯೂರಿಟಿ ಕೆಲಸದವರ ಮಕ್ಕಳು, ಬಂದರಿನಲ್ಲಿ ದುಡಿಯುವವರು, ಉತ್ತರ ಕರ್ನಾಟಕದಿಂದಲೋ ಬಿಹಾರದಿಂದಲೋ ಕಟ್ಟಡ ಕೆಲಸಕ್ಕೆ ಬಂದವರು, ಹಾಸ್ಟೆಲ್ ಹುಡುಗರು. ಮೈದಾನದಲ್ಲಿ ಸಮಾವೇಶವೋ ವಸ್ತು ಪ್ರದರ್ಶನವೋ ಮುಗಿದ ಮೇಲೆ ಪಿಚ್ಚಿನಲ್ಲಿ ಪೆಂಡಾಲಿನ ಗುಂಡಿ, ಜಲ್ಲಿ, ಪ್ಲಾಸ್ಟಿಕ್ ಉಳಿದರೆ ಪಾಲಿಕೆಗೆ ಮೇಲ್ ಬರೆಯಲಿಕ್ಕೆ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿಕ್ಕೆ ಅವರಿಗೆ ಪುರುಸೊತ್ತೂ ಇಲ್ಲ, ಧೈರ್ಯವೂ ಇಲ್ಲ. ಅದನ್ನು ಮಾಡಬಲ್ಲವರು ನಾವು. ನಮ್ಮ ಅಪಾರ್ಟ್‌ಮೆಂಟಿನ ನೀರಿನ ಬಿಲ್ ನೂರು ರೂಪಾಯಿ ಹೆಚ್ಚಾದರೆ ಮೂರು ಪುಟದ ಮೇಲ್ ಬರೆಯುವವರು. ನಮಗೆ ಬೇಡವಾದ ದಿನ ಮೈದಾನ ತನ್ನ ವಕೀಲರನ್ನು ಕಳೆದುಕೊಳ್ಳುತ್ತದೆ.

ಇದರ ಅರ್ಥ ಟರ್ಫ್ ಬಿಡಿ ಅಂತ ಅಲ್ಲ. ಮೈದಾನವನ್ನೂ ಬಿಡಬೇಡಿ ಅಂತ. ಮಗಳ ಸೈಕಲ್ ಅಲ್ಲಿಗೆ ತೆಗೆದುಕೊಂಡು ಹೋಗಿ. ಹನ್ನೊಂದಕ್ಕೆ ಒಬ್ಬ ಕಮ್ಮಿ ಇರುವ ತಂಡ ಯಾವಾಗಲೂ ಒಂದು ಇರುತ್ತದೆ, ಫೀಲ್ಡಿಂಗಿಗಾದರೂ ಸೇರಿಸಿಕೊಳ್ಳುತ್ತಾರೆ. ಟರ್ಫ್‌ನಲ್ಲಿ ನಾವು ಆಡುವುದು ನಮಗೆ ಗೊತ್ತಿರುವ ಹನ್ನೆರಡು ಜನರ ಜೊತೆ. ಮೈದಾನದಲ್ಲಿ ಗೊತ್ತಿಲ್ಲದವನಿಗೆ 'ಅಣ್ಣ, ಬಾಲ್' ಅಂತ ಕೂಗಬೇಕಾಗುತ್ತದೆ, ಅವನು ತನ್ನ ಆಟ ನಿಲ್ಲಿಸಿ ನಮ್ಮ ಚೆಂಡು ಎಸೆಯುತ್ತಾನೆ. ಅವನ ಜಾತಿ ಯಾವುದು, ಸಂಬಳ ಎಷ್ಟು, ಯಾವ ಪಾರ್ಟಿ ಅಂತ ಕೇಳದೆ ಅವನ ಉಪಕಾರ ತೆಗೆದುಕೊಳ್ಳುತ್ತೇವೆ. ಈಗಿನ ಮಂಗಳೂರಿನಲ್ಲಿ, ಹೆಸರು ಕೇಳಿದ ಕೂಡಲೇ ಜನರನ್ನು ಎರಡು ಡಬ್ಬಕ್ಕೆ ಹಾಕಿಬಿಡುವ ಈ ಕಾಲದಲ್ಲಿ, ಹಾಗೆ ಮಾಡಬಹುದಾದ ಜಾಗ ಇನ್ನೆಷ್ಟು ಉಳಿದಿದೆ ಅಂತ ನೀವೇ ಎಣಿಸಿ ನೋಡಿ.

ಕುಮ್ಕಿಯ ಬಗ್ಗೆ ಇನ್ನೊಂದು ವಿಷಯ ಹೇಳಲಿಕ್ಕೆ ಉಂಟು. ಸೊಪ್ಪು ತರಲಿಕ್ಕೆ ದಿನಾ ಹೋಗುವವರು ಇದ್ದಷ್ಟು ಕಾಲ ಗುಡ್ಡೆಗೆ ಒಂದು ಕಾಲುದಾರಿ ಇರುತ್ತದೆ. ದಾರಿ ಕಂಡಲ್ಲಿ ಬೇಲಿ ಹಾಕಲಿಕ್ಕೆ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ರಸಗೊಬ್ಬರ ಅಂಗಡಿಯಲ್ಲಿ ಸಿಗಲಿಕ್ಕೆ ಶುರುವಾದ ಮೇಲೆ ಸೊಪ್ಪಿಗೆ ಹೋಗುವವರು ಕಮ್ಮಿಯಾದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ದಾರಿಯ ಮೇಲೆ ಹುಲ್ಲು ಬಂತು, ಆಮೇಲೆ ಬೇಲಿ ಬಂತು, ರಬ್ಬರ್ ಬಂತು. ಯಾರೂ ಗುಡ್ಡೆಯನ್ನು ಕಸಿದುಕೊಳ್ಳಲಿಲ್ಲ. ನಡೆಯುವವರು ನಡೆಯುವುದನ್ನು ನಿಲ್ಲಿಸಿದ್ದರು, ಅಷ್ಟೇ.